ಒಂದು ಚಮರಿಗೆ ಆರು ಕುರಿ

ನಮ್ಮಪ್ಪ ಕುರಿ ಕಾಯುತ್ತಿದ್ದ. ಓದಿದವರು ನಾಲ್ಕು ಜನ ಕೂತಿರುವ ಕಡೆ ಯಾರಾದರೂ ನಿಮ್ಮ ತಂದೆಯವರು ಏನು ಕೆಲಸದಲ್ಲಿದ್ದರು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕೇಳಿದವರು ಒಮ್ಮೊಮ್ಮೆ ಮುಜುಗರಪಟ್ಟು ಮಾತು ಬದಲಿಸುತ್ತಾರೆ. ಆ ಮುಜುಗರ ಅವರಿಗೇ ಇರಲಿ. ಕುರಿ ಕಾಯುವುದು ಎಷ್ಟು ದೊಡ್ಡ ವಿದ್ಯೆ ಎಂಬುದು ನನಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು. ತಿಳಿಸಿದ್ದು ಹಿಮಾಲಯದ ಆಚೆಯಿಂದ ಬಂದ ಒಬ್ಬ ಮುದುಕ.

ನಮ್ಮೂರು ಕೃಷ್ಣರಾಜಪುರಕ್ಕೂ ಮಹದೇವಪುರಕ್ಕೂ ನಡುವೆ, ಹಳೇ ಮದರಾಸು ರಸ್ತೆಯಿಂದ ಒಂದು ಮೈಲಿ ಒಳಗೆ ಇತ್ತು. ನಲವತ್ತು ಮನೆ, ಒಂದು ಕೆರೆ, ಕೆರೆಯ ಮೇಲ್ಗಡೆ ಗೋಮಾಳ. ಗೋಮಾಳವೆಂದರೆ ಊರಿನ ದನ ಕುರಿ ಎಲ್ಲ ಮೇಯಲೆಂದು ಬಿಟ್ಟ ಹುಲ್ಲುನೆಲ. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ನಮ್ಮದು ತೊಂಬತ್ತು ಕುರಿ. ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ನಾಲ್ಕನೇ ಕ್ಲಾಸು ಮುಗಿಸಿ ನಾನೂ ಅಪ್ಪನ ಜೊತೆ ಮಂದೆಯ ಹಿಂದೆ ಹೊರಟೆ. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು. "ಇವಳು ಹೋದ್ರೆ ನನ್ ಕುರಿ ಯಾರ ಮಾತು ಕೇಳ್ತವೆ?" ಎಂದು ಅಪ್ಪ ನೆಂಟರ ಮುಂದೆ ನಗುತ್ತಿದ್ದ. ಅದು ಪೂರ್ತಿ ತಮಾಷೆಯಾಗಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಮದರಾಸು ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮಾಂಸಕ್ಕೆ ಬೇಡಿಕೆ ಹೆಚ್ಚಿತ್ತು. ಇಂದಿನ ಶಿವಾಜಿನಗರವನ್ನು ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಸಾಹೇಬರೊಬ್ಬರು ವರ್ಷಗಳಿಂದ ಅಪ್ಪನ ಕೈಯಿಂದಲೇ ಟಗರು ಕೊಳ್ಳುತ್ತಿದ್ದರು. ಹಾಗಾಗಿ ನಮ್ಮಿಬ್ಬರಿಗೂ ದಖನಿ ಮಾತು ಸಲೀಸು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹನ್ನೆರಡು ಟಗರು ಹೊಡೆದುಕೊಂಡು ಹೋಗುತ್ತಿದ್ದೆವು. ಈಗಿನ ಇಂದಿರಾನಗರದ ಕಡೆಯೆಲ್ಲ ಆಗ ರಾಗಿ ಹೊಲ, ಕುರುಚಲು. ಅದನ್ನು ದಾಟಿ ಹಲಸೂರಿನ ಕೆರೆ ಏರಿಯ ಹತ್ತಿರ ಬಂದಾಗ ಹಿಂದಿನಿಂದ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹಾಕಿತು. ಟಗರುಗಳು ದಿಕ್ಕಾಪಾಲಾದವು. ಅವುಗಳಲ್ಲಿ ನಾಲ್ಕು ನೇರವಾಗಿ ರಸ್ತೆಯ ನಡುವಿಗೇ ನುಗ್ಗಿದವು.

ಎದುರಿನಿಂದ ಸೈನ್ಯದ ಹೇಸರಗತ್ತೆಗಳ ಸಾಲು ನೀರಿಗೆ ಬರುತ್ತಿತ್ತು. ಅದರ ಮುಂದೆ ಅಗಲ ಮುಖದ, ಜಡೆಯನ್ನು ತಲೆಗೆ ಸುತ್ತಿಕೊಂಡಿದ್ದ ಒಬ್ಬ ಮುದುಕ. ಆತ ಸೊಂಟದಿಂದ ಏನನ್ನೋ ಎಳೆದು ತಲೆಯ ಮೇಲೆ ಎರಡು ಸುತ್ತು ಬೀಸಿದ. ಪಟಾಕಿ ಸಿಡಿದಂತೆ ಸದ್ದಾಯಿತು. ಸಣ್ಣ ಕಲ್ಲೊಂದು ಮುಂದಿನ ಟಗರಿನ ಮೂಗಿನ ಎದುರು ನೆಲಕ್ಕೆ ಬಡಿಯಿತು. ಟಗರು ತಟ್ಟನೆ ತಿರುಗಿತು. ಉಳಿದವು ಅದರ ಹಿಂದೆ. ಲಾರಿ ಹೊರಟು ಹೋಯಿತು.

ಅಪ್ಪ ರಸ್ತೆಯ ನಡುವೆಯೇ ನಿಂತಿದ್ದ. ಟಗರು ಎಣಿಸುವುದನ್ನೂ ಮರೆತು ಆ ಮುದುಕನ ಕೈಯನ್ನೇ ನೋಡುತ್ತಿದ್ದ. ಕೈಯಲ್ಲಿದ್ದದ್ದು ಕವಣೆ. ಕಪ್ಪು ಬಿಳಿ ಉಣ್ಣೆಯ ಹುರಿಯಲ್ಲಿ ಹೆಣೆದ, ನಡುವೆ ಕಲ್ಲಿಡಲು ಅಂಗೈಯಗಲದ ಪಟ್ಟಿಯಿದ್ದ ಕವಣೆ. ಅಪ್ಪ ತನ್ನ ಕಂಬಳಿಯ ಕೊಪ್ಪೆಯೊಳಗೆ ಕೈ ಹಾಕಿ ತನ್ನದನ್ನು ತೆಗೆದ. ಅದೂ ಉಣ್ಣೆಯದು. ನಾನೇ ಹೆಣೆದದ್ದು.

ಮುದುಕ ಅದನ್ನು ತೆಗೆದುಕೊಂಡು ಹೆಣಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಮುರುಕು ಹಿಂದೂಸ್ತಾನಿಯಲ್ಲಿ ಕೇಳಿದ, "ತುಮ್ ಭೀ ಭೇಡ್‌ವಾಲಾ?"

"ಹೌ," ಎಂದ ಅಪ್ಪ. "ನಾನೂ ಕುರಿಯವನೇ. ನನ್ನಪ್ಪನೂ. ಅವರಪ್ಪನೂ."

ಮುದುಕ ನಕ್ಕ. ಮೇಲಿನ ಎರಡು ಹಲ್ಲು ಇರಲಿಲ್ಲ. ಎದೆ ಮುಟ್ಟಿಕೊಂಡು, "ಹಮ್ ಭೀ," ಎಂದ.

ಆತ ಟಿಬೆಟ್ಟಿನವನು. ಸೈನ್ಯಕ್ಕೆಂದು ಬೆಟ್ಟದ ಕಡೆ ಕೊಂಡ ಹೇಸರಗತ್ತೆಗಳ ಜೊತೆ ಬಂದಿದ್ದ. ಸಾಲಿನ ಮುಂದಿನ ಹೇಸರಗತ್ತೆ ಆತನೇ ಸಾಕಿ ಮಾರಿದ್ದು; ಆತನ ದನಿ ಕೇಳದೆ ರೈಲು ಹತ್ತಲಿಲ್ಲವಂತೆ, ಅದು ಹತ್ತದೆ ಉಳಿದವು ಹತ್ತಲಿಲ್ಲವಂತೆ. ಆತನನ್ನೂ ಹತ್ತಿಸಿಕೊಂಡು ಬಂದರು. ಹದಿನೈದು ದಿನದಲ್ಲಿ ಕಳಿಸುತ್ತೇವೆ ಅಂದಿದ್ದರು. ವಾಪಸು ರೈಲಿನ ಚೀಟಿ ಬರುವುದಕ್ಕೆ ಹತ್ತು ತಿಂಗಳು ಹಿಡಿಯಿತು. ಅಷ್ಟು ದಿನವೂ ಹಲಸೂರಿನ ಆಚೆ ಹೇಸರಗತ್ತೆಗಳನ್ನು ಕಟ್ಟುವ ಲೈನಿನಲ್ಲೇ ಇದ್ದ. ಆತನ ಹೆಸರು ನಮ್ಮ ಬಾಯಿಗೆ ಹೊಂದಲಿಲ್ಲ. ನಾನು ಬೆಟ್ಟದ ತಾತ ಅಂದೆ. ಊರೂ ಹಾಗೇ ಅಂದಿತು.

ಭಾನುವಾರ ಆತನಿಗೆ ರಜ. ಹಲಸೂರಿನಿಂದ ನಮ್ಮೂರಿಗೆ ನಡೆದೇ ಬಂದುಬಿಡುತ್ತಿದ್ದ. ಮೊದಲ ಭಾನುವಾರ ಬಂದಾಗ ಏನು ಕೊಡುವುದೆಂದು ನನಗೆ ತೋಚಲಿಲ್ಲ. ಚಹಾ ಕಾಯಿಸಿದೆ, ಸಕ್ಕರೆ ಹಾಕಬೇಡ, ಉಪ್ಪು ಹಾಕು ಅಂದ. ಬೆಣ್ಣೆ ಇದೆಯೇ ಎಂದು ಕೇಳಿ ಅದನ್ನೂ ಹಾಕಿಸಿಕೊಂಡ. ಮನೆಯಲ್ಲಿ ರಾಗಿ ಹುರಿಹಿಟ್ಟು ಇತ್ತು. ಬಟ್ಟಲಲ್ಲಿ ಹಿಟ್ಟು ಹಾಕಿ, ಮೇಲೆ ಆ ಉಪ್ಪು ಚಹಾ ಹೊಯ್ದು, ಒಂದೇ ಕೈಯಲ್ಲಿ ಬಟ್ಟಲು ತಿರುಗಿಸುತ್ತಾ ಬೆರಳಲ್ಲಿ ಕಲಸಿ ಉಂಡೆ ಮಾಡಿದ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಅಪ್ಪನೂ ನಾನೂ ಆತನ ಮುಖವನ್ನೇ ನೋಡುತ್ತಾ ಕೂತಿದ್ದೆವು.

"ನಮ್ಮಲ್ಲೂ ಹುರಿದು ಬೀಸಿದ ಹಿಟ್ಟೇ ಊಟ," ಎಂದ ತಾತ. "ನಿಮ್ಮ ಧಾನ್ಯ ಕಪ್ಪು. ನಮ್ಮದು ಬೆಳ್ಳಗೆ. ಹುರಿದ ವಾಸನೆ ಮಾತ್ರ ಒಂದೇ." ಆತನ ಮಾತು ಅರ್ಧ ಹಿಂದೂಸ್ತಾನಿ, ಅರ್ಧ ಕೈಸನ್ನೆ. ನಾನು ಇಲ್ಲಿ ಕನ್ನಡದಲ್ಲಿ ಸರಾಗ ಬರೆಯುತ್ತಿದ್ದೇನೆ. ಅಲ್ಲಿ ಪ್ರತಿ ಮಾತಿಗೂ ನಾಲ್ಕು ಸಲ ಹಾಂ ಹಾಂ ಅನ್ನಬೇಕಾಗುತ್ತಿತ್ತು.

ಆತನ ಊರು ಎಂಬುದು ಊರೇ ಅಲ್ಲವಂತೆ. ಚಮರಿಯ, ಅಂದರೆ ಆತ ಯಾಕ್ ಎನ್ನುತ್ತಿದ್ದ ಬೆಟ್ಟದ ದನದ, ಕೂದಲಲ್ಲಿ ನೇಯ್ದ ಕರಿ ಡೇರೆಗಳು, ಆರೋ ಏಳೋ. ಉಳಿದದ್ದೆಲ್ಲ ಹುಲ್ಲುಗಾವಲು. ಅದಕ್ಕೆ ಆತ ಹೇಳಿದ ಹೆಸರು ನನ್ನ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ಎಷ್ಟೋ ವರ್ಷಗಳಾದ ಮೇಲೆ ದಂಡಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವ ಟಿಬೆಟ್ಟಿನ ಹೆಂಗಸೊಬ್ಬಳನ್ನು ಕೇಳಿದೆ, ಮರವಿಲ್ಲದ ಎತ್ತರದ ಬಯಲಿಗೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು. "ಚಾಂಗ್‌ತಾಂಗ್" ಎಂದಳು. ಅದೇ ಮಾತು.

"ನಮ್ಮಲ್ಲಿ ಮರ ಇಲ್ಲ," ಎನ್ನುತ್ತಿದ್ದ ತಾತ. "ಒಂದೂ ಇಲ್ಲ. ಎಷ್ಟು ದೂರ ನೋಡಿದ್ರೂ ನೆಲ, ನೆಲದ ತುದಿಗೆ ಹಿಮದ ಬೆಟ್ಟ. ಬಿತ್ತಿದ್ರೆ ತೆನೆ ಕಟ್ಟೋ ಮೊದಲೇ ಹಿಮ ಬೀಳುತ್ತೆ. ಬೆಳೆಯೋದು ಹುಲ್ಲೊಂದೇ, ಅದೂ ಬೆರಳುದ್ದ. ಹುಲ್ಲು ತಿನ್ನೋದು ಮನುಷ್ಯನ ಕೈಲಿ ಆಗಲ್ಲ. ಕುರಿ ತಿನ್ನುತ್ತೆ, ಚಮರಿ ತಿನ್ನುತ್ತೆ. ನಾವು ಅವುಗಳ ಹಾಲು ಕುಡೀತೀವಿ, ಉಣ್ಣೆ ಹೊದೀತೀವಿ, ಉಣ್ಣೆ ಕೊಟ್ಟು ಹಿಟ್ಟು ತರ್ತೀವಿ. ಸಗಣಿ ಒಣಗಿಸಿ ಒಲೆ ಉರಿಸ್ತೀವಿ."

"ಬೆರಣಿ!" ಎಂದೆ ನಾನು, ಗೋಡೆಗೆ ತಟ್ಟಿದ್ದನ್ನು ತೋರಿಸುತ್ತಾ.

"ಹಾಂ, ಅದೇ. ಹುಲ್ಲು ಹೋದ್ರೆ ನಾವೂ ಹೋದ್ವಿ."

ಅವರ ಕುರಿಗಳು ಬೆನ್ನ ಮೇಲೆ ಉಪ್ಪಿನ ಚೀಲ ಹೊತ್ತು ತಿಂಗಳುಗಟ್ಟಲೆ ಕಣಿವೆ ದಾಟಿ ಹೋಗುತ್ತವೆ ಎಂದಾಗ ಅಪ್ಪ ನಂಬಲಿಲ್ಲ. ಕತ್ತೆ ಅನ್ನೋಕ್ಕೆ ಹೋಗಿ ಕುರಿ ಅಂತಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದ. ತಾತ ಎದ್ದು ನಮ್ಮದೊಂದು ಬಲವಾದ ಟಗರಿನ ಬೆನ್ನ ಮೇಲೆ ಎರಡು ಸಣ್ಣ ಚೀಲದಲ್ಲಿ ಮಣ್ಣು ತುಂಬಿ ಕಟ್ಟಿದ. ಟಗರು ನಾಲ್ಕು ಹೆಜ್ಜೆ ನಡೆದು ಮಲಗಿಬಿಟ್ಟಿತು. "ಬೆಂಗಳೂರು ಕುರಿ," ಎಂದ ತಾತ, ತೀರ್ಪು ಕೊಟ್ಟವನಂತೆ. ಅಪ್ಪ ಬಿದ್ದು ಬಿದ್ದು ನಕ್ಕ. ಅಮ್ಮ ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇನ್ನೊಂದು ಭಾನುವಾರ ಹಾಲು ಕರೆಯುವುದನ್ನು ತೋರಿಸಿದ. ನಮ್ಮ ಕುರಿಗಳು ಹಾಲು ಕೊಡುವುದು ಕಮ್ಮಿ. ಒಂದೊಂದನ್ನೇ ಓಡಿಸಿ ಹಿಡಿದು ಕರೆಯುವುದರಲ್ಲಿ ಸಾಕಾಗುತ್ತಿತ್ತು. ತಾತ ಒಂದು ಉದ್ದನೆಯ ಹಗ್ಗ ಕೇಳಿದ. ಎರಡು ಕುರಿಗಳನ್ನು ಎದುರುಬದುರು ನಿಲ್ಲಿಸಿ, ಒಂದರ ಕತ್ತಿನ ಪಕ್ಕಕ್ಕೆ ಇನ್ನೊಂದರ ಕತ್ತು ತಂದು, ಹಗ್ಗವನ್ನು ಹೆಣೆಯುತ್ತಾ ಹೋದ. ಎರಡು, ನಾಲ್ಕು, ಹತ್ತು, ಇಪ್ಪತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಕುರಿ ಜಡೆ ಹೆಣೆದಂತೆ ಎರಡು ಸಾಲಾಗಿ ನಿಂತಿದ್ದವು, ತಲೆಗಳೆಲ್ಲ ಒಳಗೆ, ಕೆಚ್ಚಲುಗಳೆಲ್ಲ ಹೊರಗೆ. ನಾನು ಸಾಲಿನ ಹಿಂದೆ ಕೂತು ಒಂದಾದ ಮೇಲೊಂದು ಕರೆದೆ. ಕೊನೆಗೆ ಹಗ್ಗದ ಒಂದು ತುದಿ ಎಳೆದ, ಅಷ್ಟೂ ಬಿಚ್ಚಿಕೊಂಡಿತು. ನೋಡಲು ಬಂದ ಊರಿನವರು ಮೊದಲು ನಗುತ್ತಿದ್ದರು, ಹಗ್ಗ ಬಿಚ್ಚಿದಾಗ ಇನ್ನೊಂದು ಸಲ ಹೆಣೆದು ತೋರಿಸು ಎಂದರು.

"ಇದನ್ನ ನಿಂಗೆ ಯಾರು ಕಲಿಸಿದ್ದು ತಾತ?" ಎಂದು ಕೇಳಿದೆ.

"ನನ್ನ ಮಗಳು ನನಗಿಂತ ಬೇಗ ಹೆಣೀತಾಳೆ. ಈಗ ಮಂದೆ ಅವಳದೇ. ನಮ್ಮಲ್ಲಿ ಕುರಿ ವಿಷಯ ಹೆಂಗಸರನ್ನ ಕೇಳದೆ ಯಾರೂ ಮಾತಾಡಲ್ಲ," ಎಂದ.

ಆ ಮಾತು ನನ್ನೊಳಗೆ ಕೂತುಕೊಂಡಿತು.

ಹಲಸೂರಿನ ಗುಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದು ಸೋಮವಾರ ಟಗರು ಮಾರಿ ವಾಪಸಾಗುವಾಗ, ಸಂಜೆ ಕೆಲಸ ಮುಗಿಸಿದ್ದ ತಾತನನ್ನು ಅಪ್ಪ ಅಲ್ಲಿನ ಹಳೆಯ ಶಿವನ ಗುಡಿಗೆ ಕರೆದುಕೊಂಡು ಹೋದ. ಮಂಗಳಾರತಿಯ ಹೊತ್ತು. ಪೂಜಾರಿಗಳು ಗರ್ಭಗುಡಿಯೊಳಗೆ ಬಿಳಿಯ ಚಾಮರ ಬೀಸುತ್ತಿದ್ದರು. ಕೈಮುಗಿದು ನಿಂತಿದ್ದ ತಾತ ಒಮ್ಮೆಲೇ ಮುಂದಕ್ಕೆ ಬಾಗಿ, ಬೆರಳು ತೋರಿಸಿ, ಜೋರಾಗಿ, "ಯಾಕ್! ಯಾಕ್ ಕಾ ಪೂಂಛ್!" ಎಂದುಬಿಟ್ಟ.

ಅಪ್ಪನಿಗೆ ಜೀವ ಬಾಯಿಗೆ ಬಂತು. ದೇವರ ಎದುರು ಬಾಲ ಅನ್ನುತ್ತಿದ್ದಾನಲ್ಲ ಎಂದು. ಪೂಜಾರಿಗಳು ಆರತಿ ಮುಗಿಸಿ ಹೊರಗೆ ಬಂದು ಕೇಳಿದರು, "ಏನಂತಾರೆ ಅವರು?"

"ಬುದ್ಧಿ, ತಪ್ಪು ತಿಳ್ಕೋಬೇಡಿ. ಬೆಟ್ಟದ ಕಡೆಯೋರು. ಅದು ಯಾವುದೋ ಪ್ರಾಣಿ ಬಾಲ ಅಂತವ್ರೆ."

"ಸರಿಯಾಗೇ ಹೇಳಿದಾರೆ ಕಣಪ್ಪ. ಚಮರೀಮೃಗದ ಬಾಲದ ಕೂದಲು ಇದು. ಅವರಿಗೆ ಹೇಗೆ ಗೊತ್ತಾಯ್ತು?"

"ಅವರ ಹಟ್ಟೀಲಿ ಇವು ಕಟ್ಟಿರ್ತವಂತೆ, ಬುದ್ಧಿ. ನಮ್ ಮನೇಲಿ ಕುರಿ ಕಟ್ಟಿರೋ ಹಾಗೆ."

ಪೂಜಾರಿಗಳು ವಯಸ್ಸಾದವರು. ಒಳಗೆ ಹೋಗಿ ಚಾಮರ ತಂದು, ಹತ್ತಿರದಿಂದ ನೋಡಲಿ ಎಂದು ಹಿಡಿದರು. ತಾತ ಮುಟ್ಟಲಿಲ್ಲ. ಬಗ್ಗಿ ಮೂಸಿದ. ಬಿಳಿಯದು ಅಪರೂಪ, ಹತ್ತು ಡೇರೆಗೆ ಒಂದಿದ್ದರೆ ಹೆಚ್ಚು ಎಂದ. ಪೂಜಾರಿಗಳು ಆತನಿಗೆ ತೀರ್ಥ ಕೊಟ್ಟು, ಪ್ರಸಾದದ ತೆಂಗಿನಕಾಯಿ ಹೋಳನ್ನು ಕೈಯಲ್ಲಿಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ತಾತನ ಕಣ್ಣು ತುಂಬಿತ್ತು. "ನೋಡು ಬೇಟಿ," ಎಂದ ನನಗೆ, "ನಮ್ಮ ಹುಲ್ಲು ಎಲ್ಲೀತನಕ ಬಂದಿದೆ."

ಯುಗಾದಿಯ ಹೊತ್ತಿಗೆ ನಮ್ಮೂರಿನ ಗೋಮಾಳದ ಕಷ್ಟ ಶುರುವಾಯಿತು. ಸೈನ್ಯದ ಶಿಬಿರಕ್ಕೆಂದು ಅದರಲ್ಲಿ ಅರ್ಧಕ್ಕೆ ಮುಳ್ಳುತಂತಿ ಬಿತ್ತು. ಯಾರನ್ನೂ ಕೇಳಲಿಲ್ಲ; ಯುದ್ಧದಲ್ಲಿ ಕೇಳುವ ಪದ್ಧತಿ ಇರಲಿಲ್ಲ. ಉಳಿದ ಅರ್ಧಕ್ಕೆ ಊರಿನ ಅಷ್ಟೂ ದನ, ಎಮ್ಮೆ, ಕುರಿ, ಆಡು ನುಗ್ಗಿದವು. ಒಂದು ತಿಂಗಳಲ್ಲಿ ನೆಲ ಬೋಳಾಯಿತು. ಬೆಳಿಗ್ಗೆ ಯಾರು ಮೊದಲು ಬಿಡುತ್ತಾರೋ ಅವರಿಗೆ ಹುಲ್ಲು ಎಂಬಂತಾಗಿ, ಕತ್ತಲು ಹರಿಯುವ ಮೊದಲೇ ಎದ್ದು ಬಿಡುವವರಿದ್ದರು. ಜಗಳ, ಬೈಗುಳ. ಒಂದು ದಿನ ನಮ್ಮ ಕುರಿಗಳ ಮೇಲೆ ಯಾರೋ ಕಲ್ಲು ತೂರಿ ಒಂದರ ಕಾಲು ಮುರಿದರು.

ಕೊನೆಗೆ ಪಟೇಲರು ಚಾವಡಿಯಲ್ಲಿ ಊರನ್ನು ಸೇರಿಸಿದರು. ಹಿಂದಿನ ದಿನವೇ ಸುದ್ದಿ ಬಂದಿತ್ತು: ಕುರಿ ಆಡುಗಳನ್ನು ಗೋಮಾಳದಿಂದ ಪೂರ್ತಿ ಹೊರಗಿಡಬೇಕು ಎಂದು ಅವರ ಮನಸ್ಸಿನಲ್ಲಿದೆ ಎಂದು. ಕುರಿ ಹುಲ್ಲನ್ನು ಬುಡಸಮೇತ ತಿನ್ನುತ್ತದೆ, ಬೇಸಾಯಕ್ಕೆ ಬೇಕಾದದ್ದು ಎತ್ತು, ಕುರಿಯಲ್ಲ ಎಂಬುದು ಅವರ ವಾದ. ಪಟೇಲರು ಕೆಟ್ಟವರಲ್ಲ. ಆದರೆ ಊರಲ್ಲಿ ಹೆಚ್ಚು ದನ ಇದ್ದದ್ದೂ ಅವರದೇ. ಕುರಿಯ ಮನೆಗಳು ಐದೇ. ಮಾತು ಎತ್ತ ಹೋಗುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು. ಚಾವಡಿ ಸೇರುವ ದಿನ ಭಾನುವಾರ. ತಾತ ನಮ್ಮ ಜಗುಲಿಯಲ್ಲಿ ಕೂತಿದ್ದ. ಅಪ್ಪ ಊಟ ಮಾಡದೆ ಗೋಡೆಗೊರಗಿದ್ದ.

"ಮಂದೆ ಮಾರ್ಬಿಡೋಣ ಕಣಮ್ಮ," ಎಂದ ನನಗೆ. "ದಂಡಲ್ಲಿ ಯಾವುದಾದ್ರೂ ಕೂಲಿ ನೋಡ್ಕೋತೀನಿ."

ತಾತ ಏನಾಯಿತೆಂದು ಕೇಳಿದ. ನಾನು ಹೇಳಿದೆ. ಆತ ಆಶ್ಚರ್ಯದಿಂದ, "ನೀವು ಪ್ರಾಣಿ ಎಣಿಸಲ್ವಾ?" ಎಂದ.

ಆಮೇಲೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ. ಅವರಲ್ಲಿ ಮೂರು ವರ್ಷಕ್ಕೊಮ್ಮೆ ಎಲ್ಲರ ಪ್ರಾಣಿಗಳನ್ನೂ ಎಣಿಸುತ್ತಾರೆ. ಒಂದು ಚಮರಿಗೆ ಆರು ಕುರಿ ಸಮ, ಅಥವಾ ಏಳು ಆಡು. ಯಾರ ಮಂದೆ ಬೆಳೆದಿದೆಯೋ ಅವರಿಗೆ ಹುಲ್ಲುಗಾವಲು ಹೆಚ್ಚು. ಯಾರದು ಕರಗಿದೆಯೋ ಅವರದು ಅಷ್ಟು ಕಮ್ಮಿ. ಇಂಥ ತುಂಡಿಗೆ ಇಷ್ಟೇ ಪ್ರಾಣಿ ಎಂದು ಗೊತ್ತಿರುತ್ತದೆ. ಚಳಿಗಾಲಕ್ಕೆಂದು ಇಟ್ಟ ತುಂಡಿಗೆ ಬೇಸಿಗೆಯಲ್ಲಿ ಒಂದು ಮರಿಯೂ ಕಾಲಿಡಬಾರದು. ಅಲ್ಲಿ ಹುಲ್ಲು ಬೆಳೆಯುವುದು ವರ್ಷಕ್ಕೆ ನಾಲ್ಕೇ ತಿಂಗಳು. ಉಳಿದ ಎಂಟು ತಿಂಗಳು ಪ್ರಾಣಿ ಬದುಕುವುದು ಕಾದಿಟ್ಟ ಒಣ ಹುಲ್ಲಿನ ಮೇಲೆ.

"ಕುರಿ ಬುಡ ತಿನ್ನಲ್ಲ," ಎಂದ. "ಬೇರೆ ಏನೂ ಬಿಡದಿದ್ರೆ ಬುಡ ತಿನ್ನುತ್ತೆ. ದನಾನೂ ತಿನ್ನುತ್ತೆ. ನಿಮ್ಮಲ್ಲಿ ಮಳೆ ಇಷ್ಟು ಬರುತ್ತೆ, ನೆಲ ಇಷ್ಟು ಬೆಚ್ಚಗಿದೆ. ಮೂರು ತಿಂಗಳು ಮುಟ್ಟಬೇಡಿ. ಹುಲ್ಲು ತಾನೇ ಬರುತ್ತೆ."

ಅಪ್ಪ ಮಣ್ಣಿನ ಗೆರೆಗಳನ್ನು ನೋಡುತ್ತಲೇ ಇದ್ದ. "ನಾನು ಮಾತಾಡಿದ್ರೆ ನನ್ ಕುರಿಗೋಸ್ಕರ ಅಂತಾರೆ," ಎಂದ.

"ನಾನ್ ಮಾತಾಡ್ತೀನಿ," ಎಂದೆ.

ಅಲ್ಲಿಯತನಕ ನಮ್ಮೂರಿನ ಚಾವಡಿಯಲ್ಲಿ ಹೆಂಗಸು ಮಾತಾಡಿದ್ದಿಲ್ಲ. ಅಪ್ಪ ಬೇಡ ಅನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ಹೆಗಲ ಮೇಲಿನ ಟವೆಲು ಕೊಡವಿ ಎದ್ದ.

ಪಟೇಲರು ಮಾತು ಮುಗಿಸಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದಾಗ ನಾನು ಕಂಬದ ಪಕ್ಕದಿಂದ ಮುಂದೆ ಬಂದೆ.

"ಪಟೇಲ್ರೇ, ಗೋಮಾಳಾನ ನಾಲ್ಕು ಪಾಲು ಮಾಡೋಣ. ಮೂರರಲ್ಲಿ ಮೇಯ್ಲಿ. ಒಂದಕ್ಕೆ ಮುಳ್ಳು ಹಾಕಿ ದಸರಾ ತನಕ ಮುಚ್ಚೋಣ. ಊರಲ್ಲಿರೋ ಎಲ್ಲಾ ಪ್ರಾಣೀನೂ ಎಣಿಸಿ, ಯಾರು ಎಷ್ಟು ಬಿಡಬಹುದು ಅಂತ ಗೊತ್ತು ಮಾಡೋಣ. ದನಕ್ಕೊಂದು ಲೆಕ್ಕ, ಕುರಿಗೊಂದು ಲೆಕ್ಕ."

ಹಿಂದಿನಿಂದ ಯಾರೋ, "ಕುರಿ ಕಾಯೋ ಹುಡುಗಿ ಬಂದು ದನದ ಲೆಕ್ಕ ಹೇಳ್ತಾವ್ಳೆ!" ಎಂದರು. ನಗು.

ಪಟೇಲರು ನಗಲಿಲ್ಲ. "ಹೇಗಮ್ಮಾ ಲೆಕ್ಕ? ಒಂದು ಎತ್ತೂ ಒಂದು ಕುರೀನೂ ಒಂದೇನಾ?"

"ಅಲ್ಲ ಪಟೇಲ್ರೇ. ಹಿಮಾಲಯದಾಚೆ ಒಂದು ಚಮರಿಗೆ ಆರು ಕುರಿ ಅಂತ ಹಿಡೀತಾರೆ. ನಮ್ ಎತ್ತು ಚಮರಿಗಿಂತ ಚಿಕ್ಕದು. ಒಂದು ಎತ್ತಿಗೆ ಐದು ಕುರಿ ಅಂತ ಇಟ್ಕೊಳ್ಳಿ."

ಅಲ್ಲಿಂದ ಚಾವಡಿ ಸಂತೆಯಾಯಿತು. ಎಮ್ಮೆಗೆಷ್ಟು, ಕರುವಿಗೆಷ್ಟು, ಗಬ್ಬದ ಹಸು ಒಂದೋ ಒಂದೂವರೆಯೋ. ಒಬ್ಬ ತನ್ನ ಎತ್ತು ಬಡಕಲು, ಮೂರೇ ಕುರಿಗೆ ಸಮ ಎಂದು ಹಟ ಹಿಡಿದ. ಹೋದ ವಾರ ಅದೇ ಎತ್ತನ್ನು ಹೊಗಳಿ ಮಾರಲು ಹೊರಟಿದ್ದನಲ್ಲ ಎಂದು ಇನ್ನೊಬ್ಬ ನೆನಪಿಸಿದ. ಆ ಗದ್ದಲದಲ್ಲಿ ನನಗೆ ಒಂದು ಗೊತ್ತಾಯಿತು: ಕುರಿಯನ್ನು ಹೊರಗಿಡುವ ಮಾತು ಅಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಮನೆಮನೆಯ ಪ್ರಾಣಿಗಳನ್ನು ಅಲ್ಲೇ ಬಾಯಿಲೆಕ್ಕದಲ್ಲಿ ಎಣಿಸಿ ಒಬ್ಬೊಬ್ಬರ ಪಾಲು ಗೊತ್ತು ಮಾಡಿದರು. ಹೆಚ್ಚಾದವರು ಕಮ್ಮಿ ಮಾಡಬೇಕು ಅಂದಾಗ ಮಾತ್ರ ಚಾವಡಿ ತಣ್ಣಗಾಯಿತು. ಎಲ್ಲರೂ ಪಟೇಲರನ್ನು ನೋಡಿದರು. ಪಟೇಲರು ನೆಲ ನೋಡಿದರು. ಆಗ ಅಪ್ಪ ಎದ್ದು ನಿಂತ.

"ನನ್ನವು ತೊಂಬತ್ತು ಅವೆ. ನನ್ ಪಾಲಿಗೆ ಬರೋದು ಅರವತ್ತು. ನಾಳೆ ಬೆಳಿಗ್ಗೆ ಮೂವತ್ತು ದಂಡಿಗೆ ಹೊಡ್ಕೊಂಡು ಹೋಗ್ತೀನಿ."

ಆ ಮೂವತ್ತರಲ್ಲಿ ಒಂದೊಂದನ್ನೂ ಅವನು ಮರಿಯಿಂದ ಸಾಕಿದ್ದ. ಪಟೇಲರು ತಲೆಯೆತ್ತಿದರು. "ಆಯ್ತಪ್ಪ," ಎಂದರು. "ನನ್ನವು ಹನ್ನೆರಡು ಹೆಚ್ಚಿವೆ. ಹೊಸಕೋಟೆ ಕಡೆ ಅಳಿಯನ ಮನೆಗೆ ಕಳಿಸ್ತೀನಿ."

ಮಾರನೆಯ ದಿನ ಅಪ್ಪನೂ ನಾನೂ ಮೂವತ್ತು ಕುರಿ ಹೊಡೆದುಕೊಂಡು ಹೋದೆವು. ಬ್ಲಾಕ್‌ಪಲ್ಲಿಯ ಸಾಹೇಬರು ಅಷ್ಟು ಕುರಿ ನೋಡಿ ಗಾಬರಿಯಾದರು, "ಕ್ಯಾ ಹುವಾ ಗೌಡಾ, ಮನೇಲಿ ಎಲ್ಲಾ ಸೌಖ್ಯಾನಾ?" ಎಂದು ಕೇಳಿದರು. ಅಪ್ಪ ನನ್ನ ಕಡೆ ತೋರಿಸಿ, "ನನ್ ಮಗಳು ಪಂಚಾಯ್ತಿ ಮಾಡಿದ್ಲು ಸಾಬ್," ಎಂದ. ದುಃಖವೂ ಹೆಮ್ಮೆಯೂ ಒಂದೇ ಮಾತಿನಲ್ಲಿ ಹಾಗೆ ಬೆರೆತದ್ದನ್ನು ನಾನು ಆಮೇಲೆ ಕೇಳಿಲ್ಲ.

ಮುಳ್ಳು ಹಾಕುವುದಕ್ಕೆ ಊರೇ ಸೇರಿತು. ಮೊದಲ ಮಳೆ ಬಿದ್ದಾಗ ಮುಚ್ಚಿದ ತುಂಡಿನಲ್ಲಿ ಏನೂ ಕಾಣಲಿಲ್ಲ. ಬರೀ ಕೆಂಪು ಮಣ್ಣು. ಜನ ನನ್ನನ್ನು ನೋಡಿದಾಗಲೆಲ್ಲ, "ಎಲ್ಲಮ್ಮಾ ನಿನ್ ಹುಲ್ಲು?" ಎನ್ನುತ್ತಿದ್ದರು. ನಾನು ದಿನಾ ಹೋಗಿ ಮುಳ್ಳಿನ ಆಚೆಯಿಂದ ಇಣುಕುತ್ತಿದ್ದೆ. ಎರಡನೇ ಮಳೆಯ ಮೇಲೆ ಹಸಿರು ಗೆರೆಗಳು ಎದ್ದವು. ಆಷಾಢದ ಗಾಳಿಗೆ ಗರಿಕೆ ಹರಡಿತು. ಗೌರಿ ಹಬ್ಬದ ಹೊತ್ತಿಗೆ ನಾನು ಚಿಕ್ಕವಳಿದ್ದಾಗ ನೋಡಿದ್ದ, ಆಮೇಲೆ ಕಾಣೆಯಾಗಿದ್ದ ಹುಲ್ಲಿನ ಜಾತಿಗಳು ತೆನೆಬಿಟ್ಟು ನಿಂತಿದ್ದವು. ಪಟೇಲರ ಹೆಂಡತಿ ಬಂದು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಿಂತುಬಿಟ್ಟರು.

ದಸರಾ ಮುಗಿದ ಮೇಲೆ ತುಂಡು ತೆರೆದೆವು. ತಾತನೂ ಬಂದಿದ್ದ. ಹುಲ್ಲು ಮೊಣಕಾಲಿನವರೆಗೆ ಇತ್ತು. ಆತ ಅದರೊಳಗೆ ನಡೆದು ಹೋಗಿ, ಕೂತು, ಒಂದು ಹಿಡಿ ಕಿತ್ತು ಮೂಸಿ, ಅಪ್ಪನಿಗೆ ಏನೋ ಹೇಳಿದ. ಏನೆಂದು ಕೇಳಿದೆ.

"ಇಷ್ಟುದ್ದ ಹುಲ್ಲು ಅವರ ಕಡೆ ಯಾರೂ ನೋಡಿಲ್ಲವಂತೆ," ಎಂದ ಅಪ್ಪ. "ಊರಿಗೆ ಹೋಗಿ ಹೇಳಿದ್ರೆ ಸುಳ್ಳು ಅಂತಾರಂತೆ."

ಕೆಲವೇ ದಿನಗಳಲ್ಲಿ ಆತನ ರೈಲಿನ ಚೀಟಿ ಬಂತು. ದಂಡಿನ ಸ್ಟೇಷನ್ನಿಗೆ ನಾವಿಬ್ಬರೂ ಹೋದೆವು. ಅಪ್ಪ ನಮ್ಮ ಕುರಿಯ ಉಣ್ಣೆಯ ಕರಿ ಕಂಬಳಿ ಕೊಟ್ಟ. ನೂಲು ನಾನು ತೆಗೆದದ್ದು. ತಾತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಉಣ್ಣೆ ಒರಟು ಎಂದ. ಕುರಿಗಾರರು ಸುಳ್ಳು ಹೊಗಳುವುದಿಲ್ಲ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೂಲು ಮಾತ್ರ ನನ್ನ ಮಗಳು ತೆಗೆದ ಹಾಗಿದೆ," ಎಂದ. ರೈಲು ಹೋಯಿತು. ಆತನ ಸುದ್ದಿ ಮತ್ತೆ ಬರಲಿಲ್ಲ. ಕಾಗದ ಬರೆಯುವವರೂ ಓದುವವರೂ ಆ ಕಡೆ ಇರಲಿಲ್ಲ.

ಮುಂದಿನ ವರ್ಷ ಸುತ್ತಲಿನ ಮೂರು ಹಳ್ಳಿಯವರು ನಮ್ಮ ಗೋಮಾಳ ನೋಡಲು ಬಂದರು. ತಾಲ್ಲೂಕಿನ ಅಮಲ್ದಾರರೂ ಕುದುರೆಗಾಡಿಯಲ್ಲಿ ಬಂದರು. ಪಟೇಲರು ಅವರನ್ನು ಮುಳ್ಳುಬೇಲಿಯ ಸುತ್ತ ಕರೆದುಕೊಂಡು ಹೋಗಿ ವಿವರಿಸುತ್ತಿದ್ದರು, ಎಲ್ಲಾ ತಮ್ಮದೇ ಯೋಚನೆ ಎಂಬಂತೆ. ನನಗೆ ಸ್ವಲ್ಪ ಸಿಟ್ಟು ಬಂತು. ಅಮಲ್ದಾರರು ಕೇಳಿದರು, "ಪ್ರಾಣಿ ಎಣಿಸೋರು ಯಾರು? ಊರಿನ ಲೆಕ್ಕ ಬರೆಯೋ ಶ್ಯಾನುಭೋಗರಾ?"

ಪಟೇಲರು ನನ್ನ ಕಡೆ ಕೈ ತೋರಿಸಿದರು.

"ಇಲ್ಲ ಸ್ವಾಮಿ. ಶ್ಯಾನುಭೋಗರಿಗೆ ಗಬ್ಬದ ಕುರಿ ಯಾವುದು, ಬರಡು ಕುರಿ ಯಾವುದು ಅಂತ ಗೊತ್ತಾಗಲ್ಲ. ನಮ್ಮೂರಲ್ಲಿ ಈ ಮಗು ಎಣಿಸುತ್ತೆ. ಇವಳು ಒಪ್ಪದೆ ನನ್ ದನಾನೂ ಒಳಗೆ ಬಿಡೋ ಹಾಗಿಲ್ಲ."

ಅಮಲ್ದಾರರು ನನ್ನ ಕಡೆ ತಿರುಗಿ, "ಎಲ್ಲಿ ಕಲಿತೆಯಮ್ಮಾ?" ಎಂದರು.

ನಾನು ಮಂದೆಯ ಹತ್ತಿರ ನಿಂತಿದ್ದ ಅಪ್ಪನನ್ನು ತೋರಿಸಿದೆ. "ನಮ್ಮಪ್ಪನ ಹತ್ರ, ಸ್ವಾಮಿ. ಮತ್ತೆ ಟಿಬೆಟ್ಟಿನ ಒಬ್ಬರು ಕುರಿಗಾರರ ಹತ್ರ."

ಟಿಬೆಟ್ಟು ಎಂದಾಗ ಅವರು ಹುಬ್ಬೇರಿಸಿದರು. ಎಲ್ಲಾ ಕೇಳಿದರು. ಬಿಸಿಲಲ್ಲಿ ನಿಂತು, ಮರವಿಲ್ಲದ ಬಯಲು, ಬೆರಳುದ್ದದ ಹುಲ್ಲು, ಕೂದಲಿನ ಡೇರೆ, ಚಳಿಗಾಲಕ್ಕೆ ಕಾದಿಟ್ಟ ನೆಲ, ಎಲ್ಲವನ್ನೂ ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ಆ ಬೆಟ್ಟಗಳನ್ನು ನಾನೇ ನೋಡಿ ಬಂದಿದ್ದೇನೆ ಅನ್ನಿಸಿತು. ಅಮಲ್ದಾರರ ಜೊತೆ ಬಂದಿದ್ದ ಗುಮಾಸ್ತರು ಗೋಮಾಳ ನೋಡಿಕೊಳ್ಳುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡು, ಮುಂದೆ ಏನು ಬರೆಯಲಿ, ಕಸುಬು ಏನು ಎಂದು ಕೇಳಿದರು.

"ಕುರಿ ಕಾಯೋದು ಅಂತಲೇ ಬರ್ಕೊಳ್ಳಿ," ಎಂದ ಅಪ್ಪ, ನಾನು ಬಾಯಿ ತೆರೆಯುವ ಮೊದಲೇ, ದೂರದಿಂದ, ಅಷ್ಟೂ ಜನಕ್ಕೆ ಕೇಳಿಸುವ ಹಾಗೆ.